ಲಿಂಕಿನ್ ಪಾರ್ಕ್ ವಾಪಸ್ ಬಂದ ಗೌರಿ ಹಬ್ಬದ ಬೆಳಗಿನ ಜಾವ

2024ರ ಸೆಪ್ಟೆಂಬರ್ 6, ಶುಕ್ರವಾರ. ಗೌರಿ ಹಬ್ಬ. ಬೆಳಗಿನ ಜಾವ ಮೂರೂವರೆ ಗಂಟೆಗೆ ತಿಪಟೂರಿನ ನಮ್ಮ ಮನೆಯ ಹಾಲ್‌ನಲ್ಲಿ ಲೈಟ್ ಹಾಕದೆ, ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಫೋನಲ್ಲಿ ಅಣ್ಣ. ಅವನಿರೋದು ಹ್ಯಾಂಬರ್ಗ್‌ನಲ್ಲಿ. ಅಲ್ಲಿ ಆಗ ಸರಿಯಾಗಿ ಮಧ್ಯರಾತ್ರಿ.

"ಶುರುವಾಯ್ತೇನೇ?" ಅಂದ.

"ಇನ್ನೂ ಇಲ್ಲ ಕಣೋ. ಮೆಲ್ಲಗೆ ಮಾತಾಡು, ಅಮ್ಮ ಎದ್ದುಬಿಡ್ತಾಳೆ."

ನಾವಿಬ್ಬರೂ ಕಾಯುತ್ತಿದ್ದದ್ದು ಲಿಂಕಿನ್ ಪಾರ್ಕ್ ಬ್ಯಾಂಡ್‌ಗೆ. ಏಳು ವರ್ಷದಿಂದ ಒಟ್ಟಿಗೆ ವೇದಿಕೆ ಹತ್ತದ ಬ್ಯಾಂಡ್. ಆಗಸ್ಟ್ ಕೊನೆಯಲ್ಲಿ ಅವರ ವೆಬ್‌ಸೈಟ್‌ನಲ್ಲಿ ಇದ್ದಕ್ಕಿದ್ದಂತೆ 100 ಗಂಟೆಗಳ ಕೌಂಟ್‌ಡೌನ್ ಕಾಣಿಸಿಕೊಂಡಿತ್ತು. ಅದು ಸೊನ್ನೆಗೆ ಬಂದು ನಿಲ್ಲುತ್ತೆ ಅಂದುಕೊಂಡರೆ, ಮತ್ತೆ ಮೇಲಕ್ಕೆ ಎಣಿಸೋಕೆ ಶುರು ಮಾಡಿತು. ಆಮೇಲೆ ಗೊತ್ತಾಗಿದ್ದು, ಇವತ್ತು ಲೈವ್ ಬರ್ತಾರೆ ಅಂತ.

ನಿಜ ಹೇಳಬೇಕೆಂದರೆ ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಇತ್ತು. ಚೆಸ್ಟರ್ ಬೆನ್ನಿಂಗ್ಟನ್ ಇಲ್ಲದ ಲಿಂಕಿನ್ ಪಾರ್ಕ್ ಎಂಥದ್ದು? ಆ ಜಾಗದಲ್ಲಿ ಯಾರನ್ನು ತಂದು ನಿಲ್ಲಿಸಿದರೂ ಬೈಯಬೇಕು ಅಂತಲೇ ನಿದ್ದೆಗೆಟ್ಟು ಕೂತಿದ್ದೆ ಅನ್ನಬಹುದು.

ಹಲ್ಲುನೋವಿನ ಹುಡುಗ

2008ರಲ್ಲಿ ನಾನು ಎಂಟನೇ ಕ್ಲಾಸು. ಅಣ್ಣ ತುಮಕೂರಲ್ಲಿ ಡಿಪ್ಲೊಮಾ ಮಾಡುತ್ತಿದ್ದ. ಒಂದು ಶನಿವಾರ ಊರಿಗೆ ಬರುವಾಗ ಎಂಪಿ3 ಸಿಡಿಯೊಂದನ್ನು ತಂದ. ಮೇಲೆ ಮಾರ್ಕರ್ ಪೆನ್ನಲ್ಲಿ 'ಎಲ್‌ಪಿ ಆಲ್' ಅಂತ ಬರೆದಿತ್ತು. ಅಷ್ಟರಲ್ಲಿ ಬಂದಿದ್ದ ಮೂರು ದೊಡ್ಡ ಆಲ್ಬಂಗಳೂ ಅದರಲ್ಲಿದ್ದವು: 2000ದ 'ಹೈಬ್ರಿಡ್ ಥಿಯರಿ', 2003ರ 'ಮೀಟಿಯೋರಾ', 2007ರ 'ಮಿನಿಟ್ಸ್ ಟು ಮಿಡ್‌ನೈಟ್'. ಟಿವಿ ಕೆಳಗಿನ ಡಿವಿಡಿ ಪ್ಲೇಯರ್‌ಗೆ ಹಾಕಿ ವಾಲ್ಯೂಮ್ ಏರಿಸಿದ.

ನಿಮಗೂ ನೆನಪಿರಬಹುದು. ನಮ್ಮ ಕಾಲದ ಎಷ್ಟೋ ಜನಕ್ಕೆ ಇಂಗ್ಲಿಷ್ ರಾಕ್ ಅಂದರೆ ಮೊದಲು ಕಿವಿಗೆ ಬಿದ್ದದ್ದೇ 'ಇನ್ ದಿ ಎಂಡ್' ಮತ್ತು 'ನಂಬ್'. ಪದ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಆದರೆ ಎರಡು ದನಿ ಗೊತ್ತಾಗುತ್ತಿತ್ತು. ಮೈಕ್ ಶಿನೋಡಾ ಲೆಕ್ಕ ಒಪ್ಪಿಸಿದ ಹಾಗೆ ಪಟಪಟ ರ‍್ಯಾಪ್ ಮಾಡುತ್ತಾನೆ. ಚೆಸ್ಟರ್ ಮೊದಲು ಮೆಲ್ಲಗೆ ಹಾಡಿ, ಆಮೇಲೆ ತಡೆಯಲಾರದೆ ಕಿರುಚುತ್ತಾನೆ. ಎಂಟನೇ ಕ್ಲಾಸಿನ ಹುಡುಗಿಗೆ ಮನೆಯಲ್ಲಿ ಕಿರುಚೋಕೆ ಜಾಗ ಇರಲಿಲ್ಲ. ನನ್ನ ಪರವಾಗಿ ಇವನು ಕಿರುಚುತ್ತಿದ್ದಾನೆ ಅನ್ನಿಸಿತು.

ಅಪ್ಪ ಡ್ಯೂಟಿ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ಕೇಳಿದರು. "ಯಾಕೋ ಹಿಂಗೆ ಕೂಗ್ತಾನೆ? ಪಾಪ, ಹಲ್ಲುನೋವಿರಬೇಕು."

ಅಲ್ಲಿಂದ ನಮ್ಮ ಮನೆಯಲ್ಲಿ ಚೆಸ್ಟರ್ ಹೆಸರು 'ಹಲ್ಲುನೋವಿನ ಹುಡುಗ' ಅಂತಲೇ ಆಯಿತು.

ಅಪ್ಪ ಕೆಇಬಿ ಲೈನ್‌ಮನ್. ಮಳೆಗಾಲದಲ್ಲಿ ತೆಂಗಿನ ಗರಿ ತಂತಿ ಮೇಲೆ ಬಿದ್ದರೆ ರಾತ್ರಿ ಹನ್ನೆರಡಕ್ಕೂ ಎದ್ದು ಹೋಗಬೇಕು. ಹಾಡಿನ ಮಧ್ಯೆ ಕರೆಂಟ್ ಹೋದರೆ ನಮ್ಮನ್ನು ನೋಡಿ ನಗುತ್ತಿದ್ದರು. "ನಿಮ್ಮ ಹಲ್ಲುನೋವಿನ ಹುಡುಗ ಅಮೆರಿಕದಲ್ಲಿ ಎಷ್ಟು ದೊಡ್ಡ ಮನುಷ್ಯ ಆದ್ರೂ ಇಲ್ಲಿ ಕೂಗಬೇಕಾದ್ರೆ ನಾನು ಕಂಬ ಹತ್ತಬೇಕು ಕಣಮ್ಮ." ರೇನ್‌ಕೋಟ್ ಹಾಕಿಕೊಂಡು ಟಾರ್ಚ್ ಹಿಡಿದು ಹೊರಡುತ್ತಿದ್ದರು. ಕರೆಂಟ್ ಬಂದಾಗ ನಮಗೆ ಗೊತ್ತಾಗುತ್ತಿತ್ತು, ಅಪ್ಪ ಕಂಬ ಇಳಿದರು ಅಂತ.

"ನೀನು ಮೆಲೋಡಿ ಹಾಡು"

2012ರಲ್ಲಿ ಎಂಜಿನಿಯರಿಂಗ್ ಸೇರಿದೆ. ಮೆಮೊರಿ ಕಾರ್ಡ್ ತುಂಬಾ ಅವೇ ಹಾಡು. ಹಾಸ್ಟೆಲ್‌ನ ಟೆರೇಸ್ ಮೇಲೆ ಹೋಗಿ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡು, ಬಿಸಿನೀರು ಕುಡಿದು ಮತ್ತೆ ಹಾಡುತ್ತಿದ್ದೆ. 'ಗಿವನ್ ಅಪ್' ಹಾಡಿನಲ್ಲಿ ಚೆಸ್ಟರ್ ಒಂದೇ ಉಸಿರಿನಲ್ಲಿ 17 ಸೆಕೆಂಡ್ ಕಿರುಚುತ್ತಾನೆ. ನಾನು ಆರಕ್ಕೆ ಸುಸ್ತಾಗುತ್ತಿದ್ದೆ. ಎರಡು ವರ್ಷದಲ್ಲಿ ಒಂಬತ್ತು ಸೆಕೆಂಡ್ ಮುಟ್ಟಿದೆ. ಅದು ನನ್ನ ಗುಟ್ಟಿನ ಸಾಧನೆ.

2014ರ ಕಾಲೇಜ್ ಫೆಸ್ಟ್‌ಗೆ ನಮ್ಮ ಕ್ಲಾಸಿನ ಹುಡುಗರು ಒಂದು ಬ್ಯಾಂಡ್ ಕಟ್ಟಿದರು. 'ನಂಬ್' ಹಾಡ್ತಾರಂತೆ ಅಂತ ಗೊತ್ತಾಗಿ ನಾನೇ ಹೋಗಿ ಕೇಳಿದೆ. ಹಾಡಿಯೂ ತೋರಿಸಿದೆ. ಕೇಳಿದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಗಿಟಾರ್ ಹುಡುಗ ಅಂದ, "ಚೆನ್ನಾಗಿ ಹಾಡ್ತೀಯ. ಆದ್ರೆ ಇದಕ್ಕೆ ಹುಡುಗಿ ವಾಯ್ಸ್ ಸೂಟ್ ಆಗಲ್ಲ ಕಣೇ. ನೀನು ಒಂದು ಮೆಲೋಡಿ ಹಾಡು, ನಾವು ಬ್ಯಾಕಿಂಗ್ ಕೊಡ್ತೀವಿ."

ಕೆಟ್ಟ ಹುಡುಗನೇನಲ್ಲ ಅವನು. ಇವತ್ತಿಗೂ ಫ್ರೆಂಡ್. ಆ ಸಂಜೆ ನಾನು ಮೆಲೋಡಿ ಹಾಡಿದೆ, ಚಪ್ಪಾಳೆಯೂ ಬಿತ್ತು. ರಾತ್ರಿ ಅಪ್ಪ ಫೋನ್ ಮಾಡಿ "ಹಲ್ಲುನೋವಿನ ಹಾಡು ಹಾಡಿದ್ಯಾ?" ಅಂತ ಕೇಳಿದರು. ಹೂಂ ಅಂದುಬಿಟ್ಟೆ. ಆ ಸುಳ್ಳನ್ನು ತಿದ್ದೋಕೆ ಆಮೇಲೆ ಅವಕಾಶ ಸಿಗಲಿಲ್ಲ.

ಎರಡು ಖಾಲಿ ಜಾಗ

2017ರ ಜುಲೈ 20. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಮಧ್ಯರಾತ್ರಿಯ ಹೊತ್ತಿಗೆ ಪಿಜಿ ರೂಮಲ್ಲಿ ಫೋನ್ ಮೇಲೆ ಫೋನ್, ಮೆಸೇಜ್ ಮೇಲೆ ಮೆಸೇಜ್. ಚೆಸ್ಟರ್ ಇನ್ನಿಲ್ಲ. 41 ವರ್ಷ. ತಾನಾಗಿಯೇ ಜೀವ ಕಳೆದುಕೊಂಡಿದ್ದ. ಎರಡು ತಿಂಗಳ ಹಿಂದಷ್ಟೇ, ಮೇ 19ಕ್ಕೆ, ಅವರ 'ಒನ್ ಮೋರ್ ಲೈಟ್' ಆಲ್ಬಂ ಬಂದಿತ್ತು.

ಮಾರನೇ ದಿನ ಅಪ್ಪನ ಫೋನ್. ಟಿವಿಯಲ್ಲಿ ನೋಡಿದ್ದರಂತೆ.

"ಆ ಹುಡುಗ ಹೋಗ್ಬಿಟ್ನಂತಲ್ಲಮ್ಮ?"

"ಹೂಂ ಅಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಹಂಗಾದ್ರೆ ಅದು ಹಲ್ಲುನೋವಲ್ಲ ಕಣಮ್ಮ."

ಎಷ್ಟೋ ಲೇಖನ ಓದಿದ್ದೇನೆ ಚೆಸ್ಟರ್ ಬಗ್ಗೆ. ಇಷ್ಟು ಸರಿಯಾಗಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಹತ್ತು ವರ್ಷ ಕಿರುಚಿಗೆ ತಲೆದೂಗಿದ ನಾನು, ಅವನು ನಿಜವಾಗಿ ನೋವಲ್ಲಿದ್ದಾನೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಸಂಜೆ ಅಪ್ಪ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಅವರಿಗೆ ಟೈಪ್ ಮಾಡೋಕೆ ಬರುತ್ತಿರಲಿಲ್ಲ. 11 ಸೆಕೆಂಡ್: "ಪುಟ್ಟಿ, ಬೇಜಾರು ಮಾಡ್ಕೋಬೇಡ. ಊಟ ಮಾಡು. ಏನಾದ್ರೂ ಇದ್ರೆ ಹೇಳು, ನುಂಗ್ಕೊಂಡು ಕೂರಬೇಡ."

ಆ ವರ್ಷ ಅಕ್ಟೋಬರ್ 27ಕ್ಕೆ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ ಬ್ಯಾಂಡ್‌ನವರು ಚೆಸ್ಟರ್ ನೆನಪಿಗೆ ಕಾರ್ಯಕ್ರಮ ಮಾಡಿದರು. ಬೇರೆ ಹಾಡುಗಳಿಗೆ ಅತಿಥಿ ಗಾಯಕರು ಬಂದರು. 'ನಂಬ್' ಬಂದಾಗ ಯಾರೂ ಬರಲಿಲ್ಲ. ವೇದಿಕೆ ಮೇಲೆ ಖಾಲಿ ಮೈಕ್ ಸ್ಟ್ಯಾಂಡ್, ಅದರ ಮೇಲೊಂದು ಬೆಳಕು. ಕೂತಿದ್ದ ಜನವೇ ಹಾಡಿದರು. ಯೂಟ್ಯೂಬಲ್ಲಿ ಅದನ್ನು ನೋಡಿ ನನ್ನ ಮನಸ್ಸಲ್ಲಿ ಒಂದು ತೀರ್ಮಾನ ಆಗಿಹೋಯಿತು: ಸರಿ, ಇದೇ ಕೊನೆ. ಆ ಮೈಕ್ ಹಾಗೇ ಇರಲಿ.

ನವೆಂಬರ್‌ನಲ್ಲಿ ಅಪ್ಪ ಹೋದರು. ಹಾರ್ಟ್ ಅಟ್ಯಾಕ್. ಕಂಬ ಹತ್ತುವಾಗ ಅಲ್ಲ, ಮಳೆಯಲ್ಲೂ ಅಲ್ಲ. ಭಾನುವಾರ ಮಧ್ಯಾಹ್ನ, ಮನೆಯಲ್ಲಿ, ಪೇಪರ್ ಓದುತ್ತಾ.

2018ರಲ್ಲಿ ವರ್ಷ ತುಂಬಿರಲಿಲ್ಲ, ಹಬ್ಬ ಮಾಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಗಣಪತಿ ಹಬ್ಬದ ದಿನ ಚಿಕ್ಕಪ್ಪನ ಮಗ ಬೈಕಲ್ಲಿ ಬಂದು, ಹತ್ತು ನಿಮಿಷದಲ್ಲಿ ಪೂಜೆ ಮುಗಿಸಿ, ಅವನ ಮನೆ ಪೂಜೆಗೆ ಓಡುತ್ತಿದ್ದ. ಅಪ್ಪ ಮಾಡುತ್ತಿದ್ದ ಪೂಜೆ ಎರಡು ಗಂಟೆಯದು. 21 ಬಗೆಯ ಪತ್ರೆ ಆಗಲೇಬೇಕು ಅವರಿಗೆ. ಲೈನ್ ಹಿಡಿದು ಹೊಲ, ತೋಟ, ಬೇಲಿ ಎಲ್ಲಾ ತಿರುಗಿದವರು; ಉತ್ತರಣೆ ಎಲ್ಲಿದೆ, ಬನ್ನಿ ಎಲ್ಲಿದೆ, ಎಕ್ಕ ಎಲ್ಲಿದೆ ಅಂತ ಕಂಬದ ನಂಬರ್ ಸಮೇತ ಹೇಳುತ್ತಿದ್ದರು. ಅವರು ಕೂರುತ್ತಿದ್ದ ಹಲಸಿನ ಮಣೆ ಗೋಡೆಗೆ ಒರಗಿತ್ತು. ಚಿಕ್ಕಪ್ಪನ ಮಗ ನಿಂತೇ ಪೂಜೆ ಮಾಡುತ್ತಿದ್ದ. ಆ ಮಣೆ ತೆಗಿ ಅಂತ ಅಮ್ಮನೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಲಿಂಕಿನ್ ಪಾರ್ಕ್ ಕೇಳೋದನ್ನೂ ಬಿಟ್ಟುಬಿಟ್ಟೆ. ಎರಡು ದುಃಖ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದನ್ನು ಮುಟ್ಟಿದರೆ ಇನ್ನೊಂದು ಏಳುತ್ತಿತ್ತು.

ಸಿಕ್ಕಿದ ದನಿ

2023ರ ಫೆಬ್ರವರಿಯಲ್ಲಿ ಅಣ್ಣ ಒಂದು ಲಿಂಕ್ ಕಳಿಸಿದ. "ಕೇಳು. ಸುಮ್ಮನೆ ಕೇಳು."

ಹಾಡಿನ ಹೆಸರು 'ಲಾಸ್ಟ್'. ಕಳೆದುಹೋದದ್ದು ಅಂತ. 'ಮೀಟಿಯೋರಾ' ಆಲ್ಬಂ ಮಾಡುವಾಗ ರೆಕಾರ್ಡ್ ಮಾಡಿ, ಅದರಲ್ಲಿ ಸೇರಿಸದೆ ಬಿಟ್ಟಿದ್ದ ಹಾಡು. ಆಲ್ಬಂಗೆ 20 ವರ್ಷ ತುಂಬುವ ಹೊತ್ತಿಗೆ ಹೊರಗೆ ಬಂತು. ಇಪ್ಪತ್ತರ ಹರೆಯದ ಚೆಸ್ಟರ್, ಅದೇ ದನಿ, ಆದರೆ ನಾನು ಎಂದೂ ಕೇಳಿರದ ಹಾಡು.

ಆಫೀಸ್ ಕ್ಯಾಬ್‌ನಲ್ಲಿ ಕೂತು ಕೇಳಿದೆ. ಮುಗಿದ ಮೇಲೆ ಯಾಕೋ ವಾಟ್ಸಾಪ್ ತೆಗೆದು, ಕೆಳಗೆ, ಇನ್ನೂ ಕೆಳಗೆ ಸ್ಕ್ರಾಲ್ ಮಾಡಿದೆ. ಐದೂವರೆ ವರ್ಷದಿಂದ ಒತ್ತದ ಆ 11 ಸೆಕೆಂಡಿನ ವಾಯ್ಸ್ ಮೆಸೇಜ್ ಒತ್ತಿದೆ. ಅಪ್ಪನ ದನಿಯ ಹಿಂದೆ ನಮ್ಮ ಮನೆ ಕುಕ್ಕರ್ ಸೀಟಿ ಕೂಡ ಇತ್ತು. 2017ರಲ್ಲಿ ಅದನ್ನು ಗಮನಿಸಿಯೇ ಇರಲಿಲ್ಲ. ಕ್ಯಾಬ್ ಡ್ರೈವರ್ "ಏನಾಯ್ತು ಮೇಡಂ?" ಅಂತ ಕನ್ನಡಿಯಲ್ಲಿ ನೋಡಿದರು. "ಏನಿಲ್ಲ ಅಣ್ಣಾ, ಹಾಡು" ಅಂದೆ.

ಅಲ್ಲಿಂದ ಹಾಡುಗಳು ಒಂದೊಂದಾಗಿ ಮನೆಗೆ ವಾಪಸ್ ಬಂದವು. ಆದರೂ ಒಂದು ಷರತ್ತಿತ್ತು. ಹಳೆಯದು ಮಾತ್ರ. ಚೆಸ್ಟರ್ ದನಿ ಮಾತ್ರ.

"ಯಾರೇ ಅದು ಹುಡುಗಿ?"

ಈಗ ಗೌರಿ ಹಬ್ಬದ ಬೆಳಗಿನ ಜಾವಕ್ಕೆ ಬರೋಣ.

ಲೈವ್ ಶುರುವಾಯಿತು. ಮೈಕ್ ಶಿನೋಡಾ ಇದ್ದ. ಹಳಬರಲ್ಲಿ ಡ್ರಮ್ಮರ್ ರಾಬ್ ಬೋರ್ಡನ್ ಇರಲಿಲ್ಲ. ಅವರ ಜಾಗಕ್ಕೆ ಕಾಲಿನ್ ಬ್ರಿಟನ್ ಅನ್ನುವವರು ಬಂದಿದ್ದರು. ಹೊಸ ಹಾಡು 'ದಿ ಎಂಪ್ಟಿನೆಸ್ ಮಷೀನ್'. ಮೊದಲ ಚರಣ ಮೈಕ್ ಒಬ್ಬನೇ ಹಾಡಿದ. ಪಲ್ಲವಿಯನ್ನೂ ಅವನೇ ಹಾಡಿದ. ಪರವಾಗಿಲ್ಲ, ಇವನೇ ಎಲ್ಲಾ ಹಾಡ್ತಾನೆ ಅಂತ ಸಮಾಧಾನ ಪಟ್ಟುಕೊಳ್ಳುವಷ್ಟರಲ್ಲಿ ಎರಡನೇ ಚರಣಕ್ಕೆ ಇನ್ನೊಂದು ದನಿ ಬಂತು. ಎಮಿಲಿ ಆರ್ಮ್‌ಸ್ಟ್ರಾಂಗ್. ಲಾಸ್ ಏಂಜಲೀಸ್‌ನ ಡೆಡ್ ಸಾರಾ ಬ್ಯಾಂಡ್‌ನ ಗಾಯಕಿ.

"ಹುಡುಗೀನಾ?" ಅಂದುಬಿಟ್ಟೆ ನಾನು. ಜೋರಾಗಿಯೇ. "ಹುಡುಗಿ ವಾಯ್ಸ್ ಇದಕ್ಕೆ ಹೆಂಗೆ ಸೂಟ್ ಆಗತ್ತೋ?"

ಅಣ್ಣ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡು ನೊಂದಿದ್ದ ಮಾತು, ಅದೇ ಪದಗಳಲ್ಲಿ, ನನ್ನ ಬಾಯಿಂದಲೇ ಬಂದಿತ್ತು. ಆ ಗಿಟಾರ್ ಹುಡುಗ ಕಾಲೇಜು ಮುಗಿಸಿ ಹೋದ. ಅವನ ಮಾತನ್ನು ಮಾತ್ರ ನಾನೇ ಸಾಕಿಕೊಂಡು ಬಂದಿದ್ದೆ.

ಬಾಯಿ ಮುಚ್ಚಿಕೊಂಡು ಕೇಳಿದೆ. ಅವಳು ಚೆಸ್ಟರ್ ಥರ ಹಾಡುತ್ತಿರಲಿಲ್ಲ. ಅವನನ್ನು ಅನುಕರಿಸೋ ಪ್ರಯತ್ನವೂ ಕಾಣಲಿಲ್ಲ. ದನಿಯಲ್ಲಿ ಒಂದು ಒರಟು ಇತ್ತು, ಅದು ಅವಳದೇ. ಹಳೆಯ ಹಾಡುಗಳು ಬಂದಾಗ ಜನ ಹಾಡುತ್ತಿದ್ದರು, ಅವಳು ಅವರ ಜೊತೆ ಸೇರಿಕೊಳ್ಳುತ್ತಿದ್ದಳು.

ಹಿಂದೆ ಬಳೆ ಸದ್ದು. ಅಮ್ಮ. ಹಬ್ಬದ ಕೆಲಸಕ್ಕೆ ಬೇಗ ಎದ್ದಿದ್ದಳು. ಬೈಗುಳಕ್ಕೆ ರೆಡಿಯಾದೆ. ಅವಳು ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಸ್ಕ್ರೀನ್ ನೋಡಿದಳು.

"ಯಾರೇ ಅದು ಹುಡುಗಿ?"

"ಹಲ್ಲುನೋವಿನ ಹುಡುಗ ಇದ್ನಲ್ಲಮ್ಮ, ಅವನ ಬ್ಯಾಂಡಿಗೆ ಹೊಸದಾಗಿ ಬಂದಿದ್ದಾಳೆ."

"ಅವನ ಜಾಗಕ್ಕಾ?"

ಏನು ಹೇಳಬೇಕೋ ತಿಳಿಯಲಿಲ್ಲ. ಅಣ್ಣನೇ ಫೋನಿಂದ ಅಂದ, "ಅವನ ಜಾಗಕ್ಕಲ್ಲಮ್ಮ. ಪಕ್ಕದಲ್ಲಿ ನಿಂತು ಹಾಡ್ತಿದ್ದಾಳೆ ಅಷ್ಟೆ."

ಅಮ್ಮ ಒಂದು ಹಾಡು ಪೂರ್ತಿ ನಿಂತು ಕೇಳಿದಳು. "ಗಂಟಲು ಗಟ್ಟಿ ಇದೆ" ಅಂದಳು. ಅಡುಗೆಮನೆಗೆ ಹೋದವಳು ಬಾಗಿಲಿಂದ ತಿರುಗಿ, ಏನೋ ಸಣ್ಣ ವಿಷಯ ಅನ್ನುವ ಹಾಗೆ ಹೇಳಿದಳು: "ನಾಳೆ ಗಣಪತಿ ಪೂಜೆ ನೀನೇ ಮಾಡು. ಅವನಿಗೆ ಫೋನ್ ಮಾಡಿ ಬರಬೇಡ ಅಂತೀನಿ."

"ನಂಗೆ ಬರಲ್ಲಮ್ಮ. ಅಪ್ಪನ ಥರ…"

"ಅಪ್ಪನ ಥರ ಯಾರು ಮಾಡು ಅಂದ್ರು?"

ಹನ್ನೊಂದು ಪತ್ರೆ

ಶನಿವಾರ ಬೆಳಿಗ್ಗೆ ಪತ್ರೆ ಹುಡುಕೋಕೆ ಹೋದೆ. 21ರಲ್ಲಿ 11 ಸಿಕ್ಕವು. ಗರಿಕೆ, ತುಳಸಿ, ಎಕ್ಕ, ದಾಳಿಂಬೆ, ಮಾವು, ಹೀಗೆ. ಉತ್ತರಣೆ ಯಾವುದು ಅಂತ ಗೂಗಲ್ ಫೋಟೋ ನೋಡಿ ಹಿಡಿದೆ. ಅಪ್ಪನಾಗಿದ್ದರೆ ನಕ್ಕು ಸಾಯುತ್ತಿದ್ದರು.

ಮಣೆ ವಿಷಯಕ್ಕೆ ನನಗೆ ಭಯವಿತ್ತು. ಅಪ್ಪನ ಮಣೆ ಮೇಲೆ ಕೂರು ಅಂದರೆ ಏನು ಮಾಡೋದು? ಅಮ್ಮ ಅದನ್ನು ಒರೆಸಿ, ರಂಗೋಲಿ ಎಳೆದು, ಪೂಜೆಯ ಬಲಗಡೆ ಇಟ್ಟಳು. ಅದರ ಮೇಲೆ ಅಪ್ಪನ ಹಳೆಯ ಪೂಜೆ ಪುಸ್ತಕ. ನನಗೆ ಅಟ್ಟದಿಂದ ಇನ್ನೊಂದು ಮಣೆ ಇಳಿಸಿದಳು.

ಅರಿಶಿನದ ಬೆರಳಚ್ಚು ಬಿದ್ದ ಆ ಪುಟಗಳನ್ನು ನೋಡಿಕೊಂಡು ಓದಿದೆ. ತಪ್ಪಿದೆ, ತಡವರಿಸಿದೆ. ಒಂದು ಕಡೆ ಎರಡು ಪುಟ ಒಟ್ಟಿಗೆ ತಿರುವಿದ್ದೇ ಗೊತ್ತಾಗಲಿಲ್ಲ. ಅಣ್ಣ ವಿಡಿಯೋ ಕಾಲ್‌ನಲ್ಲಿದ್ದ, ಹ್ಯಾಂಬರ್ಗ್‌ನಲ್ಲಿ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಮಂಗಳಾರತಿ ಹೊತ್ತಿಗೆ ಅಮ್ಮ ಹಾಡಿದಳು. ಏಳು ವರ್ಷದಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪೂಜೆ ಮುಗಿದಾಗ ಒಂದೂವರೆ ಗಂಟೆ ಆಗಿತ್ತು. ಅಪ್ಪನ ದಾಖಲೆಗೆ ಅರ್ಧ ಗಂಟೆ ಕಮ್ಮಿ.

ಸೊನ್ನೆಯಿಂದ

ಆಮೇಲಿನದು ಅಭಿಮಾನಿಗಳಿಗೆ ಗೊತ್ತೇ ಇದೆ. ಸೆಪ್ಟೆಂಬರ್ ಕೊನೆಯಲ್ಲಿ 'ಹೆವಿ ಈಸ್ ದಿ ಕ್ರೌನ್' ಬಂತು, ಲೀಗ್ ಆಫ್ ಲೆಜೆಂಡ್ಸ್ ಗೇಮ್‌ನ ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ ಗೀತೆಯಾಗಿ. ಅದರಲ್ಲಿ ಎಮಿಲಿ ಒಂದೇ ಉಸಿರಿನಲ್ಲಿ ಎಳೆಯುವ ಕಿರುಚು ಕೇಳಿ ನಾನು ಸ್ಟಾಪ್‌ವಾಚ್ ಹಿಡಿದೆ. ಹದಿನೈದು ಸೆಕೆಂಡ್ ದಾಟಿತು. ಹಾಸ್ಟೆಲ್ ಟೆರೇಸ್ ನೆನಪಾಯಿತು. ನವೆಂಬರ್ 15ಕ್ಕೆ ಪೂರ್ತಿ ಆಲ್ಬಂ ಬಂತು, 'ಫ್ರಮ್ ಝೀರೋ', 11 ಟ್ರ್ಯಾಕ್, ಬರೀ ಅರ್ಧ ಗಂಟೆ ಚಿಲ್ಲರೆ. ಬ್ರಿಟನ್‌ನಲ್ಲಿ ನಂಬರ್ ಒನ್ ಆಯಿತು. ಸೊನ್ನೆಯಿಂದ ಅನ್ನುವ ಆ ಹೆಸರಲ್ಲಿ ಹಳೆಯ ನೆನಪೂ ಇದೆ: ಲಿಂಕಿನ್ ಪಾರ್ಕ್ ಅಂತ ಆಗುವ ಮೊದಲು ಬ್ಯಾಂಡ್‌ನ ಹೆಸರು 'ಝೀರೋ' ಅಂತಲೇ ಇತ್ತು, ಸ್ಪೆಲಿಂಗ್ ಮಾತ್ರ ಎಕ್ಸ್ ಅಕ್ಷರದಿಂದ.

ಎಲ್ಲರೂ ಒಪ್ಪಿದರು ಅಂತಲ್ಲ. ಚೆಸ್ಟರ್ ಇಲ್ಲದ ಬ್ಯಾಂಡ್‌ಗೆ ಆ ಹೆಸರು ಬೇಡ ಅಂದವರು ಇದ್ದಾರೆ, ಈಗಲೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೂರೂವರೆ ಗಂಟೆ ಜಾವದವರೆಗೆ ನಾನೂ ಅವರ ಜೊತೆಗೇ ಇದ್ದೆ. ಅಪ್ಪನ ಮಣೆಯನ್ನು ಗೋಡೆಗೆ ಒರಗಿಸಿಡೋದೂ ಪ್ರೀತಿಯೇ. ಆದರೆ ಅಮ್ಮ ಅದಕ್ಕೆ ರಂಗೋಲಿ ಎಳೆದಾಗ ಅದು ಮತ್ತೆ ಪೂಜೆಯೊಳಗೆ ಬಂತು. ಅಲ್ಲಿವರೆಗೆ ಹಬ್ಬದಲ್ಲಿ ಅಪ್ಪನೂ ಇರಲಿಲ್ಲ, ನಾವೂ ಇರಲಿಲ್ಲ.

ಸೆಪ್ಟೆಂಬರ್ 22ಕ್ಕೆ ಬ್ಯಾಂಡ್ ಹ್ಯಾಂಬರ್ಗ್‌ಗೆ ಹೋದಾಗ ಅಣ್ಣ ಟಿಕೆಟ್ ಹಿಡಿದು ಹೋಗಿದ್ದ. ರಾತ್ರಿ ಫೋನ್ ಮಾಡಿದ. ಗಂಟಲು ಪೂರ್ತಿ ಹೋಗಿತ್ತು. "ಅಪ್ಪ ಇದ್ದಿದ್ರೆ ನಂಗೇ ಹಲ್ಲುನೋವು ಅಂತಿದ್ರು" ಅಂದ.

ಇನ್ನೊಂದು ಮಾತು. ಅಪ್ಪನ ಆ ವಾಯ್ಸ್ ಮೆಸೇಜ್ ನನ್ನೊಬ್ಬಳಿಗೇ ಅಂತ ಇಟ್ಟುಕೊಳ್ಳೋದು ಸರಿಯಲ್ಲ ಅನ್ನಿಸುತ್ತೆ. ನುಂಗ್ಕೊಂಡು ಕೂರಬೇಡಿ. ಹೇಳೋಕೆ ಮನೆಯವರು, ಸ್ನೇಹಿತರು ಯಾರೂ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಡೆಸ್ಕಿನವರು ಜೋರಾಗಿ ನಗುತ್ತಿದ್ದರೂ ಒಮ್ಮೆ ವಿಚಾರಿಸಿ. ಎಲ್ಲಾ ಹಲ್ಲುನೋವೂ ಹಲ್ಲುನೋವಲ್ಲ.

2025ರ ಗಣಪತಿ ಹಬ್ಬ ಆಗಸ್ಟ್ 27ಕ್ಕೆ ಬಂತು. ಈ ಸಲ 14 ಪತ್ರೆ ಸಿಕ್ಕವು. ಹಿಂದಿನ ರಾತ್ರಿ ಅಮ್ಮ ಕಡುಬಿಗೆ ಕಾಯಿ ತುರಿಯುತ್ತಾ ಕೇಳಿದಳು, "ಆ ಹುಡುಗಿ ಇನ್ನೂ ಹಾಡ್ತಿದ್ದಾಳೇನೇ?"

"ಹಾಡ್ತಿದ್ದಾಳಮ್ಮ. ಊರೂರು ಸುತ್ತುತಿದ್ದಾಳೆ."

"ಸರಿ ಮತ್ತೆ. ನೀನೂ ಬೇಗ ಮಲಗು, ಬೆಳಿಗ್ಗೆ ಪತ್ರೆಗೆ ಹೋಗಬೇಕು."